ಬೆನ್ನಿನ ಸೂಜಿ ಮತ್ತು ಹೆರಿಗೆಯ ಗಾಯ

‘ಬೆನ್ನಿಗೆ ಸೂಜಿ ಮಾಡಿದಾಗಿಂದ ನಡಾ ಹಿಡಕೊಂಡೈತ್ರಿ.’ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವವರು, ರಾಣೇಬೆನ್ನೂರಿನ ಬೀಜೋತ್ಪಾದನೆ ಹೊಲಗಳಲ್ಲಿ ಬಗ್ಗಿ ಹೂವಿಗೆ ಹೂ ಮುಟ್ಟಿಸುವವರು ಹೀಗನ್ನುವುದು ಮಾಮೂಲು. ಅವರು ಹೇಳುವುದು ಬಹುಪಾಲು ಸಿಜೇರಿಯನ್‌ಗೆ ಒಮ್ಮೆ ಕೊಡುವ ಸ್ಪೈನಲ್ ಸೂಜಿಯನ್ನು. ಹೆರಿಗೆ ನೋವು ತಗ್ಗಿಸುವ ಎಪಿಡ್ಯೂರಲ್ ಬೇರೆ. ಬೆನ್ನುಹುರಿಯ ಪೊರೆಯ ಹೊರಗೆ ಸಣ್ಣ ನಳಿಕೆ ಇಟ್ಟು, ಹೆರಿಗೆ ಮುಗಿಯುವವರೆಗೂ ಅದರಲ್ಲಿ ಔಷಧಿ ಬಿಡುತ್ತಾರೆ. ಬಹುಕಾಲ ಉಳಿಯುವ ಬೆನ್ನುನೋವಿಗೆ ಎಪಿಡ್ಯೂರಲ್ ಕಾರಣವೆಂದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ನಡುವಿನ ನೋವಿಗೆ ದುಡಿಮೆಯ ಭಂಗಿಯನ್ನೂ ವಿಚಾರಿಸಬೇಕು.

ಹೆರಿಗೆ ನೋವು ತಗ್ಗಿಸುವ ಯತ್ನ ಹಳೆಯದು. 1847ರಲ್ಲಿ ಎಡಿನ್‌ಬರೊದ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಈಥರ್, ಕ್ಲೋರೋಫಾರ್ಮ್ ಬಳಸಿದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ವಿರೋಧದ ಬಾಯಿ ಸಣ್ಣದಾಯಿತು. ಸೊಂಟದ ಎಪಿಡ್ಯೂರಲ್ ವಿಧಾನವನ್ನು 1921ರಲ್ಲಿ ಪ್ರಕಟಿಸಿದವರು ಸ್ಪೇನಿನ ಸೇನಾ ವೈದ್ಯ ಫಿಡೆಲ್ ಪಾಹೆಸ್. 1940ರ ದಶಕದಲ್ಲಿ ಅಮೆರಿಕದ ಹಿಂಗ್ಸನ್ ಮತ್ತು ಎಡ್ವರ್ಡ್ಸ್ ಬೆನ್ನಿನ ತಳದಿಂದ ಔಷಧಿಯನ್ನು ಬಿಡದೆ ಹರಿಸಿ ಹೆರಿಗೆ ನೋವು ತಗ್ಗಿಸಿದರು.

ಎಪಿಡ್ಯೂರಲ್‌ನಿಂದ ಹೆರಿಗೆಯಲ್ಲಿ ಗಾಯ ಹೆಚ್ಚುತ್ತದೆಂಬ ತಕರಾರು ಎದ್ದದ್ದು ಔಷಧಿಯ ಪ್ರಮಾಣದಿಂದ. ಹಳೆಯ ಗಟ್ಟಿ ಔಷಧಿಗೆ ನೋವಿನ ಜೊತೆ ಕಾಲಿನ ಬಲವೂ ಹೋಗುತ್ತಿತ್ತು, ತಿಣುಕಬೇಕೆಂಬ ಅರಿವೂ ಹೋಗುತ್ತಿತ್ತು. ಕಿಬ್ಬೊಟ್ಟೆಯ ತಳದ ಸ್ನಾಯು ಸಡಿಲಾದರೆ ಮಗುವಿನ ತಲೆ ಸರಿಯಾಗಿ ತಿರುಗುವುದು ಕಷ್ಟ. ಹೆರಿಗೆ ತಡವಾಗುತ್ತದೆ, ವೈದ್ಯರು ಫೋರ್ಸೆಪ್ಸ್ ಇಲ್ಲವೇ ವ್ಯಾಕ್ಯೂಮ್ ಹಿಡಿಯುತ್ತಾರೆ. ತಾಯಿಗೆ ಗುದದ ಸ್ನಾಯುವರೆಗೂ ಹರಿಯುವ ಗಾಯ, ಮಗುವಿನ ನೆತ್ತಿಯಲ್ಲಿ ರಕ್ತ ಕಟ್ಟುವುದು ಹೆಚ್ಚಾಗಿ ಈ ಸಲಕರಣೆಗಳ ಹಿಂದೆ ಬರುತ್ತವೆ. ಸೂಜಿ ನೇರವಾಗಿ ಗಾಯ ಮಾಡುವುದಿಲ್ಲ, ಸಲಕರಣೆಗೆ ದಾರಿ ಮಾಡಿಕೊಡುತ್ತಿತ್ತು.

ಬ್ರಿಟನ್ನಿನ ಕಾಮೆಟ್ ಪರೀಕ್ಷೆ 2001ರಲ್ಲಿ ಇದನ್ನು ಬಿಡಿಸಿ ತೋರಿಸಿತು. ಹಳೆಯ ಪ್ರಮಾಣದಲ್ಲಿ ಸುಮಾರು 35% ತಾಯಂದಿರಿಗೆ ಸಲಕರಣೆಯಿಲ್ಲದೆ ಸಹಜ ಹೆರಿಗೆಯಾದರೆ, ತೆಳು ಔಷಧಿಯಲ್ಲಿ ಅದು ಸುಮಾರು 43%. ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ 2018ರ ಕಾಕ್ರೇನ್ ವಿಮರ್ಶೆಯಲ್ಲಿ 2005ರ ನಂತರದ ಪರೀಕ್ಷೆಗಳನ್ನಷ್ಟೇ ನೋಡಿದಾಗ ಸಲಕರಣೆ ಹೆರಿಗೆಯ ಹೆಚ್ಚಳ ಕಾಣಲಿಲ್ಲ. ಸಿಜೇರಿಯನ್ ಹೆಚ್ಚುತ್ತದೆಂಬುದಕ್ಕೂ ಆಧಾರ ಸಿಗಲಿಲ್ಲ. ಸ್ಕಾಟ್ಲೆಂಡಿನ 5,67,216 ತಾಯಂದಿರ ದಾಖಲೆ ನೋಡಿದ 2024ರ ಅಧ್ಯಯನದಲ್ಲಿ ಎಪಿಡ್ಯೂರಲ್ ಪಡೆದವರಲ್ಲಿ ತೀವ್ರ ತೊಂದರೆಗಳ ಅಪಾಯ 35% ಕಡಿಮೆ ಇತ್ತು. ಇದು ಕಾರಣವನ್ನು ಸಾಬೀತು ಮಾಡುವ ಪ್ರಯೋಗವಲ್ಲ ನಿಜ, ಆದರೂ ಹಳೆಯ ಭಯವನ್ನು ಅಲುಗಾಡಿಸುವ ಅಂಕಿ. ತಲೆನೋವು, ಬಿಪಿ ಇಳಿಯುವುದು, ಜ್ವರ ಇಂದಿಗೂ ಇವೆ. ಅವನ್ನು ಮೊದಲೇ ತಾಯಿಗೆ ಹೇಳಬೇಕು.

ಇಷ್ಟಾದರೂ ನಮ್ಮ ತಾಲೂಕು ಮಟ್ಟದ ಹೆರಿಗೆ ಕೋಣೆಗಳಲ್ಲಿ ಎಪಿಡ್ಯೂರಲ್ ಅಪರೂಪ. ಕೊಟ್ಟು ಹೋಗಿಬಿಡುವ ಮದ್ದಲ್ಲ ಇದು: ರಾತ್ರಿಯಿಡೀ ಬಿಪಿ ನೋಡುವ, ಮಗುವಿನ ಎದೆಬಡಿತ ಕೇಳುವ ಕೈ ಬೇಕು, ಕರೆದ ಕೂಡಲೇ ಬರುವ ಅರಿವಳಿಕೆ ತಜ್ಞರು ಬೇಕು. ಎಂ.ಬಿ.ಬಿ.ಎಸ್. ವೈದ್ಯರಿಗೆ ಸರ್ಕಾರ ಕೊಡುವ ಅರಿವಳಿಕೆ ತರಬೇತಿಯ ಗುರಿ ತುರ್ತು ಶಸ್ತ್ರಚಿಕಿತ್ಸೆ, ಹೆರಿಗೆ ನೋವಲ್ಲ. ಹೀಗಾಗಿ ಬೆನ್ನಿನ ಸೂಜಿ ಹೊಟ್ಟೆ ಕೊಯ್ಸಿಕೊಳ್ಳುವವರಿಗೆ ಸಿಗುತ್ತದೆ. ಸಹಜ ಹೆರಿಗೆಗೆ ಹೊರಳಾಡುವವಳಿಗೆ ಸಿಗುವುದು ‘ತಡಕೋವಾ’ ಎಂಬ ಮಾತು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ನೋವು ತಗ್ಗಿಸಬೇಕೆಂದು ಕೇಳುವ ಆರೋಗ್ಯವಂತ ಗರ್ಭಿಣಿಗೆ ಎಪಿಡ್ಯೂರಲ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಹಾವೇರಿಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ. ತೆಳು ಔಷಧಿಯ ಎಪಿಡ್ಯೂರಲ್ ಜಿಲ್ಲೆಯಲ್ಲಿ ಅಲ್ಲಿಂದಲೇ ಶುರುವಾಗಲಿ, ಬ್ಯಾಡಗಿ, ರಾಣೇಬೆನ್ನೂರಿನ ಗರ್ಭಿಣಿಯರಿಗೆ ತಪಾಸಣೆಯ ದಿನವೇ ಅದರ ವಿವರ ತಿಳಿಯಲಿ.