ಚಲಿಸುವ ಮನೆಯ ಒಳಚಾವಣಿ ಮತ್ತು ನೀರಿನ ಕಲೆ

ಅಡುಗೆ, ಊಟ, ನಿದ್ರೆಗಳ ಅನುಕೂಲಗಳನ್ನೆಲ್ಲ ಎಂಜಿನ್ನಿನೊಂದಿಗೇ ಹೊತ್ತು ಸಾಗುವ ವಾಹನವನ್ನು ಮೋಟರ್‌ಹೋಮ್ ಎನ್ನುತ್ತಾರೆ. ನಿಂತ ಮನೆಯ ಚಾವಣಿಗಿಲ್ಲದ ಕಷ್ಟವೊಂದು ಅದರ ಚಾವಣಿಗಿದೆ: ರಸ್ತೆಯ ಕುಲುಕಾಟಕ್ಕೆ ಚೌಕಟ್ಟು ತಿರುಚಿದಂತೆಲ್ಲ ಸಂದುಗಳು ಸಡಿಲವಾಗಿ, ಮಳೆನೀರು ಒಳಗಿಳಿದು, ಒಳಚಾವಣಿಯ ಮೇಲೆ ಕಂದು ಅಂಚಿನ ಕಲೆ ಮೂಡುತ್ತದೆ. ಆ ಕಲೆಯನ್ನು ತೆಗೆಯುವ ಬಗೆ ಹೇಗೆ ಬದಲಾಯಿತೆಂಬುದನ್ನು ತಿಳಿಯಲು ಒಳಚಾವಣಿಯ ಸಾಮಗ್ರಿ ಹೇಗೆ ಬದಲಾಯಿತೆಂಬುದನ್ನೇ ನೋಡಬೇಕು.

ಮೋಟರ್‌ಹೋಮಿನ ಪೂರ್ವಜ ಕುದುರೆ ಎಳೆಯುವ ಬಂಡಿಮನೆ. ನೌಕಾಪಡೆಯ ನಿವೃತ್ತ ವೈದ್ಯ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯಲ್ಲಿ ಕಟ್ಟಿಸಿದ ‘ವಾಂಡರರ್’, ವಿಹಾರಕ್ಕೆಂದೇ ನಿರ್ಮಿತವಾದ ಮೊದಲ ಬಂಡಿಮನೆಯೆಂದು ಹೆಸರಾಗಿದೆ. ಆ ಕಾಲದ ಬಂಡಿಗಳಲ್ಲಿ ಹಲಗೆಗಳ ಮೇಲೆ ಕ್ಯಾನ್ವಾಸ್ ಬಟ್ಟೆ ಬಿಗಿದು, ಅಗಸೆ ಎಣ್ಣೆಯಲ್ಲಿ ಕಲಸಿದ ಸೀಸದ ಬಿಳಿ ಬಣ್ಣವನ್ನು ಪದರ ಪದರವಾಗಿ ಬಳಿಯುತ್ತಿದ್ದರು. ಬಣ್ಣ ಬಿರಿದಲ್ಲಿ ನೀರು ಹಲಗೆಗೆ ಇಳಿಯುತ್ತಿತ್ತು; ಮರದಲ್ಲಿರುವ ಟ್ಯಾನಿನ್, ಅಂದರೆ ಒಗರು ರುಚಿಯ ಸಸ್ಯದ್ರವ್ಯ, ಆ ನೀರಿನಲ್ಲಿ ಕರಗಿ ಕಂದಾಗಿ ಹರಡುತ್ತಿತ್ತು; ಕಬ್ಬಿಣದ ಮೊಳೆ ಸಿಕ್ಕಿದಲ್ಲಿ ಅದರೊಡನೆ ಕೂಡಿ ಕಪ್ಪಾಗುತ್ತಿತ್ತು. ಕಪ್ಪು ಕಲೆಗೆ ಮರಗೆಲಸದವರ ಬಳಿ ಇದ್ದ ಮದ್ದು ಆಕ್ಸಾಲಿಕ್ ಆಮ್ಲ. ಅದು ಕಬ್ಬಿಣವನ್ನು ಕರಗುವ ರೂಪಕ್ಕೆ ತರುವುದರಿಂದ, ತೊಳೆದು ಒಣಗಿಸಿ ಮತ್ತೆ ವಾರ್ನಿಷ್ ಬಳಿದರೆ ಹಲಗೆ ಹೊಸದರಂತಾಗುತ್ತಿತ್ತು. ದುರಸ್ತಿಯನ್ನು ಇಷ್ಟು ಚೆನ್ನಾಗಿ ಒಪ್ಪಿಕೊಳ್ಳುವ ಒಳಚಾವಣಿ ಮುಂದಿನ ವಾಹನಗಳಿಗೆ ಹೆಚ್ಚಾಗಿ ಸಿಗಲಿಲ್ಲವೆಂಬುದು ಖೇದದ ಸಂಗತಿ.

ಅಮೆರಿಕದಲ್ಲಿ ಗಟ್ಟಿ ಚಾವಣಿಯ ಟ್ರೇಲರ್‌ಗಳು ಜನಪ್ರಿಯವಾದುದಕ್ಕೆ ಮಳೆಯೂ ಒಂದು ಕಾರಣ. ಡೆಟ್ರಾಯ್ಟ್ ಪ್ರದೇಶದ ಸೂಕ್ಷ್ಮಜೀವಿ ತಜ್ಞ ಆರ್ಥರ್ ಶೆರ್ಮನ್, ಕೊಂಡು ತಂದ ಡೇರೆ ಟ್ರೇಲರನ್ನು ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಕುಟುಂಬದೊಡನೆ ಮಳೆಗೆ ಸಿಕ್ಕಿ, ಮರದ ನಾರನ್ನು ಒತ್ತಿ ತಯಾರಿಸುವ ಮೇಸನೈಟ್ ಹಲಗೆಯಿಂದ ತಾನೇ ಗಟ್ಟಿ ಗೋಡೆಯ ಟ್ರೇಲರ್ ಮಾಡಿಸಿದ. ‘ಕವರ್ಡ್ ವ್ಯಾಗನ್’ ಹೆಸರಿನ ಅದನ್ನು 1930ರಲ್ಲಿ ಡೆಟ್ರಾಯ್ಟ್ ವಾಹನ ಪ್ರದರ್ಶನದಲ್ಲಿಟ್ಟ. ಆದರೆ ಒತ್ತಿದ ನಾರಿನ ಹಲಗೆ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಕೂರುವುದಿಲ್ಲ. ಅಲ್ಲಿ ಕಲೆ ತೆಗೆಯುವುದೆಂದರೆ ಹಲಗೆಯನ್ನೇ ಬದಲಿಸುವುದು.

ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ವಿನ್ನೆಬೇಗೊ ಸಂಸ್ಥೆ 1966ರಲ್ಲಿ ಮೋಟರ್‌ಹೋಮ್ ತಯಾರಿಕೆಗೆ ಇಳಿಯಿತು. ಹೊರಗೆ ಅಲ್ಯೂಮಿನಿಯಂ, ನಡುವೆ ನೊರೆಪ್ಲಾಸ್ಟಿಕ್, ಒಳಗೆ ತೆಳುಹಲಗೆ ಸೇರಿಸಿ ಅಂಟಿಸಿದ ಅದರ ಫಲಕಗಳು ಹಗುರವಾಗಿದ್ದವು, ಅಗ್ಗವಾಗಿಯೂ ಇದ್ದವು. ಇಂಥ ಪದರಗಳ ನಡುವೆ ಹೊಕ್ಕ ನೀರು ಇಳಿಜಾರು ಹಿಡಿದು ಹರಿಯುವುದರಿಂದ, ಸೋರುವ ಜಾಗ ಒಂದೆಡೆ, ಕಲೆ ಇನ್ನೊಂದೆಡೆ. ಗಾಳಿಕಿಂಡಿಗೋ ಹವಾನಿಯಂತ್ರಕಕ್ಕೋ ಚಾವಣಿಯಲ್ಲಿ ಕತ್ತರಿಸುವ 14 ಅಂಗುಲದ ಚೌಕವೇ ಹಲವು ಬಾರಿ ಮೂಲವಾಗಿರುತ್ತದೆ. ವಿನೈಲ್ ಹಾಳೆಯ ಹೊದಿಕೆ ಬಂದ ಮೇಲೆ ಉಜ್ಜಿ ನುಣುಪುಗೊಳಿಸುವ ದಾರಿಯೂ ಮುಚ್ಚಿತು. ಹೈಡ್ರೋಜನ್ ಪೆರಾಕ್ಸೈಡ್ ಮೇಲ್ಮೈಯ ಕಲೆಯನ್ನು ಬಿಳುಪುಗೊಳಿಸಬಲ್ಲದು. ಹಾಳೆಯ ಹಿಂದಿನ ಮರದಿಂದ ಹೊರಬರುವ ಕಂದನ್ನು ಮರೆಮಾಡಬೇಕಷ್ಟೆ. ನೀರು ಬೆರೆತ ಬಣ್ಣ ಬಳಿದರೆ ಕಲೆ ಅದರಲ್ಲೂ ಕರಗಿ ಮೇಲೆದ್ದು ಬರುವುದರಿಂದ, ಮದ್ಯಸಾರದಲ್ಲಿ ಕರಗಿಸಿದ ಅರಗನ್ನು ಮೊದಲು ಬಳಿಯುತ್ತಾರೆ. ಅರಗೆಂದರೆ ಮುತ್ತುಗದಂಥ ಮರಗಳ ಮೇಲೆ ಕೀಟ ಸ್ರವಿಸುವ ಅಂಟು. ಅದರ ಪ್ರಮುಖ ನೆಲೆ ಭಾರತ, ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅದೇ.

ಕಲೆಯ ನಡು ತಿಳಿಯಾಗಿ ಅಂಚು ಗಾಢವಾಗುವುದೇಕೆಂಬ ಪ್ರಶ್ನೆಗೆ 1997ರಲ್ಲಿ ರಾಬರ್ಟ್ ಡೀಗನ್ ಮತ್ತು ಸಂಗಡಿಗರು, ಚೆಲ್ಲಿದ ಕಾಫಿಯ ಹನಿಯನ್ನು ಆಧರಿಸಿ, ಉತ್ತರ ನೀಡಿದರು: ಹನಿಯ ಅಂಚು ಕದಲದೆ ನಿಂತಿರುವಾಗ ಅಲ್ಲಿ ಆವಿಯಾದ ನೀರಿನ ಜಾಗ ತುಂಬಲು ನಡುವಿನ ನೀರು ಹೊರಮುಖವಾಗಿ ಹರಿಯುತ್ತದೆ, ತನ್ನಲ್ಲಿರುವುದನ್ನೆಲ್ಲ ಅಂಚಿನಲ್ಲೇ ಬಿಟ್ಟುಹೋಗುತ್ತದೆ. ಒಳಚಾವಣಿಯಲ್ಲಿ ಒಂದರೊಳಗೊಂದು ಉಂಗುರಗಳಿದ್ದರೆ ನೀರು ಹಲವು ಬಾರಿ ಬಂದು ಒಣಗಿದೆಯೆಂದೇ ಅನುಭವಿ ಕೆಲಸಗಾರರು ಊಹಿಸಿ, ಒರೆಸುವ ಬಟ್ಟೆಗಿಂತ ಮೊದಲು ಏಣಿಯನ್ನು ಕೈಗೆತ್ತಿಕೊಳ್ಳುತ್ತಾರೆ.