ಮನೆಯ ಕೇಕ್ ಅಲಂಕಾರ: ವಿಜಯಪುರ, ತಿಕೋಟಾ, ಬಬಲೇಶ್ವರ

ಮನೆಯಲ್ಲೇ ಬೇಯಿಸಿದ ಕೇಕ್, ಕಪ್‌ಕೇಕ್‌ಗಳನ್ನು ಕೆನೆ, ಸಕ್ಕರೆ, ಚಾಕೊಲೇಟ್, ಹಣ್ಣುಗಳಿಂದ ಸಿಂಗರಿಸುವ ಕೆಲಸ. ವಿಜಯಪುರ ನಗರದಲ್ಲೂ, ಅಥಣಿ ರಸ್ತೆಯ ತಿಕೋಟಾದಲ್ಲೂ, ಜಮಖಂಡಿ ರಸ್ತೆಯ ಬಬಲೇಶ್ವರದಲ್ಲೂ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವುದು ಈಗ ರೂಢಿ. ತೊಟ್ಟಿಲು, ಕುಬಸ, ಮದುವೆಯ ವಾರ್ಷಿಕೋತ್ಸವಗಳಿಗೂ ಅದು ಹಬ್ಬಿದೆ. ಬೇಕರಿಯಿಂದ ತರುವುದನ್ನು ಬಿಟ್ಟು ತಾವೇ ಮಾಡಿ ನೋಡುವವರು, ಎಲ್ಲ ಕಡೆಯಂತೆ ಇಲ್ಲಿಯೂ, 2020ರ ಲಾಕ್‌ಡೌನ್ ನಂತರ ಹೆಚ್ಚಾದರು.

ಕಲಿಯುವವರು ನೋಡುವ ಪುಸ್ತಕ, ವಿಡಿಯೊಗಳ ವಿಧಾನಗಳು ಹೆಚ್ಚಿನವು 20–25 ಡಿಗ್ರಿ ಸೆಲ್ಸಿಯಸ್‌ನ ಅಡುಗೆಮನೆಗೆ ಹೊಂದುವಂಥವು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರಿಗೆ ಅವನ್ನು ಹಾಗೆಯೇ ತಂದರೆ ಕೆನೆಯ ಗುಲಾಬಿ ಅರಳುವ ಮೊದಲೇ ಜಾರುತ್ತದೆ. ಜೊತೆಗೆ, ಮೊಟ್ಟೆ ಮುಟ್ಟದ ಮನೆಗಳು ಇಲ್ಲಿ ಬಹಳ. ಈ ಸೀಮೆಯ ಕೇಕ್ ಕಲಿಕೆಗೆ ರೂಪ ಕೊಟ್ಟಿರುವುದು ಬಿಸಿಲು ಮತ್ತು ಮೊಟ್ಟೆಯಿಲ್ಲದ ಅಡುಗೆ. ನಾಜಲ್, ಬಣ್ಣಗಳದ್ದು ಆಮೇಲಿನ ಮಾತು.

ಸಕ್ಕರೆ ಕೆಲಸದ ಹಳೆಯ ರೂಢಿ

ಕೇಕ್ ಹೊಸದಾದರೂ ಸಕ್ಕರೆಯನ್ನು ರೂಪಕ್ಕೆ ತರುವ ಕೈ ಇಲ್ಲಿ ಹೊಸದಲ್ಲ. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಒಯ್ಯುವ ಸಕ್ಕರಿ ಆರತಿ ಉತ್ತರ ಕರ್ನಾಟಕದ ಸ್ವಂತ ಸಕ್ಕರೆ ಶಿಲ್ಪ. ಎರಡು ಹೋಳಿನ ಮರದ ಅಚ್ಚನ್ನು ಮೊದಲು ನೀರಲ್ಲಿ ನೆನೆಹಾಕುತ್ತಾರೆ. ಒಣ ಅಚ್ಚಿಗೆ ಸಕ್ಕರೆ ಅಂಟಿಕೊಂಡು ಬಿಡುವುದಿಲ್ಲ. ಪಾಕಕ್ಕೆ ಚೂರು ಹಾಲು ಬಿಟ್ಟು ಮೇಲೆ ಬಂದ ಕೊಳೆ ತೆಗೆದು, ಅದು ಬೆಳ್ಳಗೆ ಮಂದವಾಗುವವರೆಗೆ ತಿರುವಿ, ಬಿಗಿದು ಕಟ್ಟಿದ ಅಚ್ಚಿನ ಬಾಯಿಗೆ ಸುರಿಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಆನೆ, ಒಂಟೆ, ನವಿಲು, ತೇರು. ಪಾಕ ತುಸು ಎಳೆಯದಾದರೆ ಒಂಟೆಯ ಕಾಲು ಅಚ್ಚಿನಲ್ಲೇ ಉಳಿಯುತ್ತದೆ, ಬಲಿತರೆ ಸುರಿಯುವ ಮೊದಲೇ ಪಾತ್ರೆಯಲ್ಲಿ ಗಟ್ಟಿಯಾಗುತ್ತದೆ.

ಸಂಕ್ರಮಣದ ಕುಸುರೆಳ್ಳಿನದು ಇದಕ್ಕಿಂತ ತಾಳ್ಮೆಯ ಕೆಲಸ. ಸಣ್ಣ ಉರಿಯ ಮೇಲಿನ ತಟ್ಟೆಯಲ್ಲಿ ಎಳ್ಳು ಹರಡಿ, ಪಾಕವನ್ನು ಹನಿಹನಿಯಾಗಿ ಬಿಡುತ್ತ, ಬೆರಳಿಂದ ಆಡಿಸುತ್ತ, ಒಂದೊಂದು ಕಾಳಿನ ಮೇಲೂ ಬಿಳಿ ಮುಳ್ಳು ಮೂಡುವವರೆಗೆ ಕೂರಬೇಕು. ಆ ಕುಸುರೆಳ್ಳನ್ನೇ ಪೋಣಿಸಿ ಹೊಸ ಮದುವಣಗಿತ್ತಿಗೆ, ಕೂಸಿಗೆ ಒಡವೆ ಮಾಡುವುದೂ ಉಂಟು. ಕರ್ಚಿಕಾಯಿಯ ಅಂಚನ್ನು ಬೆರಳ ತುದಿಯಲ್ಲಿ ಮಡಚಿ ಹೆಣೆಯಬಲ್ಲವರಿಗೆ ಕೇಕಿಗೆ ಹೊದಿಸುವ ಸಕ್ಕರೆ ಹಾಳೆಯಾದ ಫಾಂಡೆಂಟಿನ ಅಂಚು ಮಡಚುವುದನ್ನು ಬೇರೆಯಾಗಿ ಹೇಳಿಕೊಡಬೇಕಿಲ್ಲ. ಕೇಕ್ ತರಗತಿಗಳಲ್ಲಿ ಈ ಕೌಶಲಗಳ ಹೆಸರೇ ಬರುವುದಿಲ್ಲ ಎಂಬುದು ವಿಚಿತ್ರ.

ಹೊರಗಿನ ಚರಿತ್ರೆಯನ್ನು ಚಿಕ್ಕದಾಗಿ ಹೇಳಬಹುದು. ಚಿಕ್ಕ ಬಟ್ಟಲುಗಳಲ್ಲಿ ಬೇಯಿಸುವ ಹಗುರ ಕೇಕಿನ ಪ್ರಸ್ತಾಪ ಅಮೀಲಿಯಾ ಸಿಮನ್ಸ್ 1796ರಲ್ಲಿ ಪ್ರಕಟಿಸಿದ ಅಮೆರಿಕದ ಅಡುಗೆ ಪುಸ್ತಕದಲ್ಲಿದೆ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಬೇಕಿಂಗ್ ಪೌಡರ್ ತಯಾರಿಸಿದರು. ಷಿಕಾಗೋದ ವಿಲ್ಟನ್ ಶಾಲೆ 1929ರಲ್ಲಿ ಅಲಂಕಾರ ಕಲಿಸತೊಡಗಿತು. ಇಂದಿಗೂ ನಾಜಲ್‌ಗಳನ್ನು ಗುರುತಿಸುವ ‘1ಎಂ’, ‘2ಡಿ’ ಸಂಖ್ಯೆಗಳು ಅವರವೇ. ಭಾರತದಲ್ಲಿ ತಲಶ್ಶೇರಿಯ ಮಂಬಳ್ಳಿ ಬಾಪು 1883ರಲ್ಲಿ ಮಾಡಿದ ಕ್ರಿಸ್‌ಮಸ್ ಕೇಕಿನ ಕತೆ ಪ್ರಸಿದ್ಧ. ಕರ್ನಾಟಕದಲ್ಲಿ ಮೊಟ್ಟೆಯಿಲ್ಲದ ಬೇಕರಿ ತಿನಿಸನ್ನು ಮನೆಮಾತಾಗಿಸಿದ್ದು ಅಯ್ಯಂಗಾರ್ ಬೇಕರಿಗಳು. ಬೆಂಗಳೂರಿನಲ್ಲಿ 1970ರ ದಶಕದಿಂದ ವರ್ಷಾಂತ್ಯಕ್ಕೆ ನಡೆದುಬಂದ ಕೇಕ್ ಪ್ರದರ್ಶನ ಸಕ್ಕರೆಯಲ್ಲಿ ಕಟ್ಟಡಗಳನ್ನೇ ಎಬ್ಬಿಸಬಹುದೆಂದು ತೋರಿಸಿತು.

ಒಳಗಿನ ಕೇಕ್

ಅಲಂಕಾರ ನಿಲ್ಲುವುದು ಸ್ಪಂಜಿನ ಮೇಲೆ. ಮೊಟ್ಟೆ ಮಾಡುವ ಕೆಲಸ ಎರಡು: ಹಿಟ್ಟಿಗೆ ಗಾಳಿ ಹಿಡಿಸುವುದು, ಬೆಂದಾಗ ಹಿಡಿತ ಕೊಡುವುದು. ಅದನ್ನು ಬಿಟ್ಟಾಗ ಸಾಂದ್ರೀಕೃತ ಹಾಲು, ಇಲ್ಲವೇ ಮೊಸರು ಮತ್ತು ಅಡುಗೆ ಸೋಡಾ ಆ ಜಾಗ ತುಂಬುತ್ತವೆ. ಮನೆಗಳಲ್ಲಿ ಬಳಕೆಯಲ್ಲಿರುವ ಒಂದು ಅಳತೆ: ಮೈದಾ 250 ಗ್ರಾಂ, ಸಾಂದ್ರೀಕೃತ ಹಾಲು 400 ಗ್ರಾಂನ ಒಂದು ಡಬ್ಬ, ಬೆಣ್ಣೆ 100 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಚಮಚ, ಸೋಡಾ ಅರ್ಧ ಚಮಚ, ಹದಕ್ಕೆ ತಕ್ಕಷ್ಟು ಹಾಲು. ಮೊಸರು ಬಳಸುವುದಾದರೆ ಅದರ ಹುಳಿ ಸೋಡಾಕ್ಕೆ ತಗುಲಿದ ಕ್ಷಣದಿಂದ ಗುಳ್ಳೆ ಏಳಲು ಶುರು. ಕಲಸಿಟ್ಟು ಓವನ್ ಕಾಯಿಸಲು ಹೋದರೆ ಅಷ್ಟರಲ್ಲಿ ಗಾಳಿ ಹೋಗಿರುತ್ತದೆ. ಓವನ್ ಮೊದಲು ಕಾಯಬೇಕು, ಹಿಟ್ಟು ಆಮೇಲೆ.

180 ಡಿಗ್ರಿಯಲ್ಲಿ 35–40 ನಿಮಿಷ ಸಾಮಾನ್ಯ ಲೆಕ್ಕ. ಓವನ್ ಇಲ್ಲದ ಮನೆಯಲ್ಲಿ ಕುಕ್ಕರ್ ಸಾಕು. ತಳಕ್ಕೆ ಉಪ್ಪು ಅಥವಾ ಮರಳು ಹರಡಿ, ಮೇಲೊಂದು ಸಿಂಬಿಯಂಥ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು, ಹತ್ತು ನಿಮಿಷ ಕಾಯಿಸಿದ ಮೇಲೆ ಡಬ್ಬಿ ಇಳಿಸಬೇಕು. ಕುಕ್ಕರಿನ ಕೇಕ್ ಮೇಲೆ ಕೆಂಪಾಗುವುದಿಲ್ಲ. ಕೆನೆ ಬಳಿಯುವ ಕೇಕಿಗೆ ಅದು ಕೊರತೆಯೇನಲ್ಲ.

ತಿಕೋಟಾ ಸುತ್ತಿನ ತೋಟಗಳ ಒಣದ್ರಾಕ್ಷಿ ಇಲ್ಲಿನ ಕೇಕುಗಳಿಗೆ ಸಹಜವಾಗಿ ಒದಗುತ್ತದೆ. ಅದು ತಳ ಸೇರಬಾರದೆಂದು ಮೈದಾದಲ್ಲಿ ಹೊರಳಿಸುವ ಉಪಾಯ ಎಲ್ಲರೂ ಹೇಳುತ್ತಾರೆ. ಹಿಟ್ಟು ತೆಳುವಾಗಿದ್ದರೆ ಹೊರಳಿಸಿದ ದ್ರಾಕ್ಷಿಯೂ ಮುಳುಗುತ್ತದೆ. ಹಿಟ್ಟನ್ನೇ ಗಟ್ಟಿ ಇಡುವುದು ಪರಿಹಾರ. ಜನವರಿಯಿಂದ ಏಪ್ರಿಲ್‌ವರೆಗಿನ ಸುಗ್ಗಿಯ ಹಸಿ ದ್ರಾಕ್ಷಿಯನ್ನು ಮೇಲೆ ಜೋಡಿಸುವುದಾದರೆ ಇಡಿಯಾಗಿ, ಬಟ್ಟೆಯಲ್ಲಿ ಒರೆಸಿ, ಕತ್ತರಿಸುವ ಸ್ವಲ್ಪ ಮೊದಲು ಇಡಬೇಕು. ಹೋಳು ಮಾಡಿದರೆ ನೀರು ಬಿಟ್ಟು ಕೆನೆಯನ್ನು ಕೆಡಿಸುತ್ತದೆ.

ಬಿಸಿ ಕೇಕಿಗೆ ಕೆನೆ ಹಚ್ಚುವುದು ಹೊಸಬರ ಸಾಮಾನ್ಯ ಅವಸರ. ಹಿಂದಿನ ರಾತ್ರಿ ಬೇಯಿಸಿ ಸುತ್ತಿಟ್ಟ ಕೇಕ್ ಬೆಳಗ್ಗೆ ಪುಡಿಯುದುರದೆ ಪದರವಾಗಿ ಸೀಳುತ್ತದೆ.

ಕೆನೆ ಮತ್ತು ಬಿಸಿಲು

ಬೆಣ್ಣೆ ಕರಗುವುದು 32–35 ಡಿಗ್ರಿಯಲ್ಲಿ. ಅಂದರೆ ಬೇಸಿಗೆಯ ವಿಜಯಪುರದಲ್ಲಿ ಮೇಜಿನ ಮೇಲಿಟ್ಟ ಬಟರ್‌ಕ್ರೀಮ್ ಯಾರೂ ಮುಟ್ಟದೆಯೇ ಕರಗುತ್ತದೆ. ಒಂದು ಪಾಲು ಬೆಣ್ಣೆಗೆ ಎರಡು ಪಾಲು ಪುಡಿಸಕ್ಕರೆಯ ಸಾಮಾನ್ಯ ಅಳತೆ ಇಲ್ಲಿ ಚಳಿಗಾಲದ ಅಳತೆ. ಬೇಕರಿಗಳೂ ಮನೆಯವರೂ ಹೆಚ್ಚಾಗಿ ಬಳಸುವುದು ಸಸ್ಯಕೊಬ್ಬಿನ ವಿಪ್ಪಿಂಗ್ ಕ್ರೀಮ್. ಹಾಲಿಲ್ಲದ ಇಂಥ ಕೆನೆಯನ್ನು ಮೊದಲು ತಯಾರಿಸಿದವರು ಅಮೆರಿಕದ ರಾಬರ್ಟ್ ರಿಚ್, 1945ರಲ್ಲಿ, ಸೋಯಾದಿಂದ. ರುಚಿಯಲ್ಲಿ ಅದು ಬೆಣ್ಣೆಗೆ ಸಾಟಿಯಲ್ಲ, ನಾಲಿಗೆಗೆ ಜಿಡ್ಡು ಉಳಿಸುತ್ತದೆ. ಆದರೆ ಬಿಸಿಲಿಗೆ ಒಂದಿಷ್ಟು ಹೊತ್ತು ಹೆಚ್ಚು ನಿಲ್ಲುತ್ತದೆ.

ಈ ಕೆನೆಯ ಹದವೆಲ್ಲ ತಂಪಿನಲ್ಲಿದೆ. ಫ್ರೀಜರಿನ ಪೊಟ್ಟಣವನ್ನು ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಬೇಕು. ಕಡೆಯುವಾಗ ಅದರಲ್ಲಿ ಇನ್ನೂ ಹಿಮದ ಹರಳು ಸಿಗುವಂತಿದ್ದರೆ ಒಳ್ಳೆಯದು. ಬೋಗುಣಿಯನ್ನೂ ಬೀಟರಿನ ಕಡ್ಡಿಗಳನ್ನೂ ತಣಿಸಿ, ಬೋಗುಣಿಯನ್ನು ಮಂಜುಗಡ್ಡೆ ತುಂಬಿದ ಇನ್ನೊಂದು ದೊಡ್ಡ ಪಾತ್ರೆಯಲ್ಲಿ ಕೂರಿಸಿ, ಮೊದಲು ನಿಧಾನ ವೇಗದಲ್ಲಿ ತಿರುವಬೇಕು. ಕಡ್ಡಿ ಎತ್ತಿದಾಗ ತುದಿ ಬಾಗಿದರೆ ಬಳಿಯಲು ಸಾಕು. ನೆಟ್ಟಗೆ ನಿಂತರೆ ಹೂವಿಗೆ ಸಿದ್ಧ. ಅದಕ್ಕೂ ಮುಂದೆ ತಿರುವಿದರೆ ಮೈ ತರಿತರಿಯಾಗಿ ಬ್ರೆಡ್ಡಿನಂತೆ ತೂತುಬಿಡುತ್ತದೆ. ಆಗ ಕಡೆಯದ ತಣ್ಣನೆ ಕೆನೆಯನ್ನು ಎರಡು ಚಮಚ ಸೇರಿಸಿ ಸೌಟಿನಿಂದ ಮೆಲ್ಲಗೆ ಕೂಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಪೈಪಿಂಗ್ ಚೀಲವನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ತುಂಬಿದ ಚೀಲದ ಕೊನೆಯ ಕೆನೆ ಅಂಗೈ ಬಿಸಿಗೆ ಸಿಕ್ಕು ನೀರಾಗಿರುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವ ಅಥವಾ ರಾತ್ರಿ ಊಟವಾದ ಮೇಲೆ ಅಲಂಕಾರಕ್ಕೆ ಕೂರುವುದು ಲೇಸು. ಫ್ಯಾನ್ ಹಾಕಿಕೊಂಡರೆ ಕೆನೆಯ ಮೇಲ್ಮೈ ಒಣಗಿ ಬಿರಿಯುತ್ತದೆ, ಆರಿಸಿದರೆ ಬೆವರು ಇಳಿಯುತ್ತದೆ. ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ.

ಬಳಿಯುವ ಕ್ರಮ ಎಲ್ಲ ಕಡೆಯದೇ. ಪದರಗಳಿಗೆ ಸಕ್ಕರೆ ನೀರು ಚಿಮುಕಿಸಿ, ನಡುವೆ ಕೆನೆ ಹಚ್ಚಿ ಪೇರಿಸಿ, ಪುಡಿ ಹಿಡಿದಿಡಲು ತೆಳುವಾದ ಮೊದಲ ಲೇಪ ಕೊಟ್ಟು, ಅರ್ಧ ಗಂಟೆ ತಂಪಿನಲ್ಲಿಟ್ಟು, ಆಮೇಲೆ ದಪ್ಪ ಲೇಪ. ತಿರುಗುವ ಮಣೆಯ ಮೇಲೆ ಸ್ಕ್ರೇಪರ್ ಹಿಡಿದಾಗ ಕೈ ನಿಲ್ಲಬೇಕು, ಮಣೆ ತಿರುಗಬೇಕು.

ಚಾಕೊಲೇಟ್ ಗನಾಶ್ ಬಿಸಿಲಿಗೆ ಕೆನೆಗಿಂತ ಗಟ್ಟಿ. ಸಮಪಾಲಿನ ಬದಲು ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕೆನೆ ಹಾಕಿದರೆ ಬೇಸಿಗೆಗೂ ತಾಳುತ್ತದೆ. ಫಾಂಡೆಂಟಿಗೆ ಈ ಸೀಮೆಯ ಒಣಹವೆ ಅರ್ಧ ಮಿತ್ರ, ಅರ್ಧ ಶತ್ರು. ಕರಾವಳಿಯಲ್ಲಿ ದಿನಗಟ್ಟಲೆ ಮೆತ್ತಗೇ ಇರುವ ಸಕ್ಕರೆ ಹೂವು ಇಲ್ಲಿ ಬೇಗ ಗಟ್ಟಿಯಾಗುತ್ತದೆ. ಹಾಗೆಯೇ ಲಟ್ಟಿಸುತ್ತಿದ್ದಂತೆ ಹಾಳೆ ಬಿರಿಯುತ್ತದೆ. ಕೈಗೆ ಚೂರು ವನಸ್ಪತಿ ಹಚ್ಚಿ ನಾದುವುದು, ಬಳಸದ ಮುದ್ದೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡುವುದು ತಪ್ಪದ ಕ್ರಮ.

ಕಪ್‌ಕೇಕಿನಿಂದ ಶುರು

ಕಲಿಯುವವರು ಕಪ್‌ಕೇಕಿನಿಂದ ಆರಂಭಿಸುವುದು ಜಾಣತನ. ಒಂದು ಕೆಟ್ಟರೆ ಮಕ್ಕಳ ಬಾಯಿಗೆ ಹೋಗುತ್ತದೆ, ಉಳಿದವು ಉಳಿಯುತ್ತವೆ. ಕಾಗದದ ಬಟ್ಟಲಿನ ಮೂರರಲ್ಲಿ ಎರಡು ಪಾಲು ತುಂಬಿ, 170–180 ಡಿಗ್ರಿಯಲ್ಲಿ 18–20 ನಿಮಿಷ ಬೇಯಿಸಿದರೆ ಆಯಿತು. ನಕ್ಷತ್ರ ಬಾಯಿಯ ಒಂದೇ ನಾಜಲ್ ಎರಡು ರೂಪ ಕೊಡುತ್ತದೆ: ನಡುವಿನಿಂದ ಹೊರಕ್ಕೆ ಸುತ್ತಿದರೆ ಗುಲಾಬಿ, ಅಂಚಿನಿಂದ ಒಳಕ್ಕೆ ಏರಿಸುತ್ತ ಸುತ್ತಿದರೆ ಗೋಪುರ. ಚೀಲ ಎತ್ತುವ ಮೊದಲು ಒತ್ತುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಪ್ರತಿ ಹೂವಿಗೂ ಬಾಲ.

ದಳದ ನಾಜಲ್ ಅಭ್ಯಾಸಕ್ಕೆ ವಿಜಯಪುರದಲ್ಲೇ ದೊಡ್ಡ ಮಾದರಿಯಿದೆ. ಗೋಳಗುಮ್ಮಟದ ಗುಮ್ಮಟ ಏಳುವುದು ದಳಗಳ ಸಾಲಿನ ನಡುವಿನಿಂದ. ದುಂಡು ಬಟ್ಟಲಿನಲ್ಲಿ ಬೇಯಿಸಿದ ಕೇಕ್ ಮಗುಚಿ, ನಾಜಲಿನ ಅಗಲ ಬಾಯಿ ಕೆಳಗಾಗಿ ಹಿಡಿದು, ಬುಡದ ಸುತ್ತ ಅದೇ ಸಾಲನ್ನು ಕೂರಿಸಬಹುದು. ಪೇಟೆಯ ಕಾರ್ಟೂನ್ ಗೊಂಬೆಗಿಂತ ಅದು ಕಣ್ಣಿಗೂ ಚೆಂದ, ಕೈಗೂ ಪಾಠ.

ಕೇಕಿನ ಮೇಲೆ ಕನ್ನಡದಲ್ಲಿ ಹೆಸರು ಬರೆಯುವುದಕ್ಕೆ ಬೇರೆಯೇ ಅಭ್ಯಾಸ ಬೇಕು. ಇಂಗ್ಲಿಷ್ ಹೆಸರಿಗೆ ಒಂದು ಗೆರೆಯ ಜಾಗ ಸಾಕು. ‘ಶ್ರಾವಣಿ’ ಎಂದು ಬರೆಯಲು ಕೆಳಗೆ ಒತ್ತಕ್ಷರಕ್ಕೂ ಮೇಲೆ ಗುಡಿಸಿಗೂ ಎಡೆ ಬಿಡಬೇಕು. ಬಿಡದಿದ್ದರೆ ರಾವೊತ್ತು ಅಂಚಿನ ಹೂವಿನ ಮೇಲೆ ಬೀಳುತ್ತದೆ. ಬೆಣ್ಣೆ ಕಾಗದದ ಶಂಕುವಿಗೆ ಉಗುರುಬೆಚ್ಚಗಿನ ಗನಾಶ್ ತುಂಬಿ, ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿ, ಕೇಕಿಗೆ ತಾಗಿಸದೆ ಸ್ವಲ್ಪ ಮೇಲಿನಿಂದ ಎಳೆಯನ್ನು ಇಳಿಬಿಡುತ್ತ ಹೋದರೆ ನಮ್ಮ ಅಕ್ಷರಗಳ ದುಂಡು ತಾನಾಗಿ ಬರುತ್ತದೆ. ಮೊದಲು ತಟ್ಟೆಯ ಮೇಲೆ ಬರೆದು ಅಳತೆ ನೋಡಿಕೊಳ್ಳುವುದು ಒಳ್ಳೆಯದು. ನೆಲದ ಮೇಲೆ ರಂಗೋಲಿ ಎಳೆದು ಅಭ್ಯಾಸವಿದ್ದವರಿಗೆ ಇದು ಬೇಗ ಒಲಿಯುತ್ತದೆ.

ಮನೆಯ ಕಾರ್ಯಗಳಲ್ಲಿ

ಹಲವು ಮನೆಗಳಲ್ಲಿ ಕೇಕ್ ಹಳೆಯ ಕ್ರಮದ ಜೊತೆಗೆ ಬಂದಿದೆ, ಅದನ್ನು ಸರಿಸಿಲ್ಲ. ಕೂಸನ್ನು ಮಣೆಯ ಮೇಲೆ ಕೂರಿಸಿ ಕುಂಕುಮವಿಟ್ಟು ಆರತಿ ಎತ್ತುತ್ತಾರೆ, ಆಮೇಲೆ ಕೇಕ್. ಮೇಣದಬತ್ತಿ ಊದಿ ಆರಿಸುವುದು ಬೇಡವೆಂದು ಪಕ್ಕದಲ್ಲಿ ದೀಪ ಹಚ್ಚುವ ಹಿರಿಯರೂ ಇದ್ದಾರೆ. ಕುಬಸದ ಕೇಕಿಗೆ ಹಸಿರು ಬಳೆ, ತೊಟ್ಟಿಲಿನದಕ್ಕೆ ಪುಟ್ಟ ಸಕ್ಕರೆ ತೊಟ್ಟಿಲು ಒಪ್ಪುವ ಅಲಂಕಾರಗಳು.

ನಗರದಲ್ಲಿ ಮಾಡಿದ ಕೇಕನ್ನು ಸುಮಾರು 20 ಕಿ.ಮೀ. ದೂರದ ತಿಕೋಟಾಕ್ಕೋ ಅದಕ್ಕಿಂತ ಕೊಂಚ ದೂರದ ಬಬಲೇಶ್ವರಕ್ಕೋ ಒಯ್ಯುವಾಗ ಬಿಸಿಲಿಗಿಂತ ರಸ್ತೆಯ ಉಬ್ಬುಗಳು ಕೆಡಿಸುತ್ತವೆ. ಪೂರ್ತಿ ತಣಿದ ಕೇಕನ್ನು ಬೋರ್ಡಿಗೆ ಒಂದು ತೊಟ್ಟು ಕೆನೆಯಿಂದ ಅಂಟಿಸಿ, ಎರಡಂತಸ್ತಿನದಾದರೆ ನಡುವೆ ಕಡ್ಡಿ ನೆಟ್ಟು, ಕಾರಿನ ಸೀಟಿನ ಬದಲು ಕೆಳಗೆ ಸಮತಟ್ಟಾದ ಜಾಗದಲ್ಲಿ ಇಡಬೇಕು. ಬೈಕಿನ ಮೇಲೆ ಒಯ್ಯುವುದಾದರೆ ಕಪ್‌ಕೇಕ್ ಒಯ್ಯುವುದೇ ವಾಸಿ. ಎತ್ತರದ ಡಬ್ಬಿಯಲ್ಲಿ ಒತ್ತೊತ್ತಾಗಿ ಇಟ್ಟರೆ ಅವು ಒಂದಕ್ಕೊಂದು ಆಸರೆ.

ಬಣ್ಣ ಮತ್ತು ಎಚ್ಚರ

ಭಾರತದಲ್ಲಿ ಆಹಾರಕ್ಕೆ ಅನುಮತಿಯಿರುವ ಕೃತಕ ಬಣ್ಣಗಳು ಕೆಲವೇ. ಬೆರೆಸುವ ಪ್ರಮಾಣಕ್ಕೂ ಮಿತಿಯಿದೆ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ಗಳ ಹೆಸರು ಆಗ ಮುಖ್ಯವಾಗಿ ಕೇಳಿಬಂತು. ಮನೆಯಲ್ಲಿ ಮಾಡುವವರು ಕಡು ಕೆಂಪು, ಕಡು ಕಪ್ಪು ಬೇಕೆಂಬ ಹಟ ಬಿಟ್ಟರೆ ಅರ್ಧ ಅಪಾಯ ಕಳೆಯಿತು. ಬೀಟ್‌ರೂಟ್ ರಸ ಕೆನೆಗೆ ಚೆಲುವಾದ ಗುಲಾಬಿ ಬಣ್ಣ ಕೊಡುತ್ತದೆ, ಓವನ್ನಿನಲ್ಲಿ ಮಾತ್ರ ಕಂದುತ್ತದೆ. ಅರಿಶಿನ ಕೆನೆಗೆ ಸರಿ; ಸೋಡಾ ಹೆಚ್ಚಾದ ಹಿಟ್ಟಿಗೆ ಹಾಕಿದರೆ ಕೇಕ್ ಹಳದಿಯಾಗುವ ಬದಲು ಕೆಂಪಗಾಗುತ್ತದೆ.

ಹಿತ್ತಲ ಹೂವಿನಿಂದ ಸಿಂಗರಿಸುವಾಗ ಕಣಗಿಲೆಯನ್ನು ಮುಟ್ಟಲೇಬಾರದು, ಅದು ವಿಷ. ‘ತಿನ್ನಲು ಅಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾದ ಮಿನುಗು ಪುಡಿಗಳು ಕೇಕ್ ಸಾಮಾನಿನ ಜೊತೆಯಲ್ಲೇ ಮಾರಾಟವಾಗುತ್ತವೆ. ಡಬ್ಬಿ ಓದಿ ಕೊಳ್ಳಬೇಕು. ಉರಿಯುವ ಮೇಣದಬತ್ತಿಯ ಬಳಿ ಹಿಮದ ನೊರೆ ಚಿಮ್ಮಿಸುವ ಆಟವಂತೂ ಬೆಂಕಿಗೆ ಆಹ್ವಾನ; ಆ ಡಬ್ಬಿಯ ಅನಿಲ ಹೊತ್ತಿಕೊಳ್ಳುವಂಥದು.

ಕಲಿಯುವ ದಾರಿ

ಹೆಚ್ಚಿನವರು ಮೊಬೈಲಿನ ವಿಡಿಯೊ ನೋಡಿ, ಇಲ್ಲವೇ ಮನೆಯಲ್ಲೇ ಪಾಠ ಹೇಳುವ ಗೃಹಿಣಿಯರ ಬಳಿ ಕಲಿಯುತ್ತಾರೆ. ಬೇಕರಿ ತಂತ್ರವನ್ನು ಕ್ರಮವಾಗಿ ಕಲಿಯಬಯಸುವವರಿಗೆ ಬೆಂಗಳೂರು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಹಳೆಯ ದಾರಿ. ವಿಜಯಪುರದಲ್ಲೇ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆ ಮತ್ತು ಪೋಷಣೆಯ ವಿಭಾಗವಿದೆ. ಮನೆಮಂದಿಗೆ ಮಾಡುವವರಿಗೆ ಯಾವ ಕಾಗದವೂ ಬೇಕಿಲ್ಲ. ನೆರೆಹೊರೆಯವರಿಂದ ಹಣ ಪಡೆದು ಮಾಡಿಕೊಡತೊಡಗಿದರೆ, ಎಷ್ಟೇ ಸಣ್ಣ ಪ್ರಮಾಣದ್ದಾದರೂ, ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಕಡ್ಡಾಯ.