ಟ್ರೇ ಬಿಟ್ಟ ಬೆಕ್ಕು: ಬೈಗುಳದಿಂದ ಮೂತ್ರ ಪರೀಕ್ಷೆಯವರೆಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳೆಯ ಮನೆಗಳಲ್ಲಿ ಬೆಕ್ಕಿನ ಶೌಚ ಯಾರಿಗೂ ತಲೆನೋವಾಗಿರಲಿಲ್ಲ. ಹಿತ್ತಲಿತ್ತು, ತಿಪ್ಪೆಯಿತ್ತು, ಒಲೆಯ ಬೂದಿ ಸುರಿಯುವ ಮೂಲೆಯಿತ್ತು. ಬೆಕ್ಕು ತಾನೇ ಹೋಗಿ, ಕೆಲಸ ಮುಗಿಸಿ, ಮಣ್ಣು ಮುಚ್ಚಿ ಬರುತ್ತಿತ್ತು. ಈಗ ಇದೇ ಊರುಗಳ ಹೊಸ ಬಡಾವಣೆಗಳಲ್ಲಿ ಸೈಟಿನ ಅಂಚಿನವರೆಗೂ ಗೋಡೆ ಎದ್ದಿದೆ. ಹಿತ್ತಲಿರಬೇಕಾದ ಕಡೆ ಸಂಪು, ಅದರ ಮೇಲೆ ಬೈಕು. ಬೀದಿನಾಯಿಗೂ ರಸ್ತೆಗೂ ಹೆದರಿ ಬೆಕ್ಕನ್ನು ಒಳಗೇ ಇಟ್ಟು ಸಾಕುವವರು ಒಂದು ಪ್ಲಾಸ್ಟಿಕ್ ಟ್ರೇ ತಂದು, ಮಣ್ಣೋ ಮರಳೋ ತುಂಬಿಡುತ್ತಾರೆ. ತಿಂಗಳುಗಟ್ಟಲೆ ಸರಿಯಾಗಿ ಬಳಸಿದ ಬೆಕ್ಕು ಒಂದು ದಿನ ಇದ್ದಕ್ಕಿದ್ದಂತೆ ಹಾಸಿಗೆಯ ಮೇಲೋ ಗೋಣಿಚೀಲದ ಮೇಲೋ ಉಚ್ಚೆ ಹೊಯ್ಯುತ್ತದೆ. ಮನೆಯವರು ಬೈಯುತ್ತಾರೆ, ಮೂತಿಯನ್ನು ಅದಕ್ಕೇ ಉಜ್ಜುತ್ತಾರೆ, ಕೊನೆಗೆ ಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರುತ್ತಾರೆ.

ಬೆಕ್ಕು ಹೀಗೇಕೆ ಮಾಡುತ್ತದೆ ಎಂಬ ಪ್ರಶ್ನೆಗೆ ಕಳೆದ ಮುಕ್ಕಾಲು ಶತಮಾನದಲ್ಲಿ ಉತ್ತರ ಹಲವು ಸಲ ಬದಲಾಗಿದೆ. ಮೊದಲು ಬೆಕ್ಕಿನ ಬುದ್ಧಿಯನ್ನು ದೂರಿದರು, ಆಮೇಲೆ ಮೂತ್ರದ ಹರಳನ್ನು, ಕೊನೆಗೆ ಬೆಕ್ಕಿರುವ ಮನೆಯನ್ನು. ನಮ್ಮ ತಾಲ್ಲೂಕುಗಳಿಗೆ ಬೆಕ್ಕಿನ ಟ್ರೇ ಬಂದಿದೆ, ಅದರ ಹಿಂದಿನ ಈ ತಿಳಿವಳಿಕೆ ಇನ್ನೂ ಪೂರ್ತಿ ಬಂದಿಲ್ಲ.

ತಿಪ್ಪೆಯ ಕಾಲ

ಮನೆಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ ಎಂದು 2007ರ ವಂಶವಾಹಿ ಅಧ್ಯಯನ ತೋರಿಸಿತು. ಒಣನೆಲದ ಪ್ರಾಣಿಯಾದ್ದರಿಂದ ಅದು ನೀರು ಕುಡಿಯುವುದು ಕಡಿಮೆ, ಅದರ ಮೂತ್ರ ಗಟ್ಟಿ. ಮಣ್ಣು ಕೆರೆದು ಮುಚ್ಚುವುದು ಹುಟ್ಟಿನಿಂದಲೇ ಬಂದ ಗುಣ. ಮೂರು ನಾಲ್ಕು ವಾರದ ಮರಿ ಯಾರೂ ಕಲಿಸದೆ ಸಡಿಲ ಮಣ್ಣು ಹುಡುಕುತ್ತದೆ.

ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ರೇಷ್ಮೆ ಬೆಳೆಗಾರರ ಮನೆಯಲ್ಲಿ ಬೆಕ್ಕು ಸುಮ್ಮನೆ ಕೂತು ತಿನ್ನುವ ಜೀವವಲ್ಲ. ಹುಳುವನ್ನೂ ಗೂಡನ್ನೂ ಇಲಿ ಬಿಡುವುದಿಲ್ಲ. ಗೂಡು ಕಟ್ಟಲು ಚಂದ್ರಿಕೆಗೆ ಹುಳು ಹತ್ತಿಸಿದ ಮೇಲೆ ಮನೆಯಲ್ಲೊಂದು ಬೆಕ್ಕಿದ್ದರೆ ಧೈರ್ಯ. 1980ರಲ್ಲಿ ರೇಷ್ಮೆಹುಳುವನ್ನು ಕಾಡುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಹುಳುಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಬಂತು, ಬೆಕ್ಕಿನ ಓಡಾಟಕ್ಕೂ ಅಲ್ಲಿ ತಡೆ ಬಿತ್ತು. ಆದರೂ ಅದಕ್ಕೆ ಹಿಪ್ಪುನೇರಳೆ ತೋಟದ ಸಡಿಲ ಮಣ್ಣು ಉಳಿದಿತ್ತು. ಪೇಟೆಯ ಬೆಕ್ಕಿಗೆ ಅದೂ ಇಲ್ಲ.

ಚೀಲದಲ್ಲಿ ಬಂದ ಮಣ್ಣು

ಮನೆಯೊಳಗೆ ಬೆಕ್ಕು ಸಾಕುವುದು ಅಮೆರಿಕದಲ್ಲೂ ಒಂದು ಕಾಲಕ್ಕೆ ಕಷ್ಟದ ಕೆಲಸವಾಗಿತ್ತು. ಅಲ್ಲಿಯೂ ಬಳಸುತ್ತಿದ್ದದ್ದು ಮರಳು, ಬೂದಿ, ಮರದ ಹೊಟ್ಟು. 1947ರಲ್ಲಿ ಮಿಷಿಗನ್ ರಾಜ್ಯದ ಎಡ್ ಲೋ ಎಂಬ ಯುವಕ, ನೆರೆಯಾಕೆ ಬೆಕ್ಕಿಗಾಗಿ ಮರಳು ಕೇಳಲು ಬಂದಾಗ, ಕಾರ್ಖಾನೆಯ ನೆಲದಲ್ಲಿ ಚೆಲ್ಲಿದ ಎಣ್ಣೆ ಹೀರಲು ತಾನು ಮಾರುತ್ತಿದ್ದ ಜೇಡಿಯ ಹರಳನ್ನು ಕೊಟ್ಟ. ಅದು ವಾಸನೆಯನ್ನೂ ತೇವವನ್ನೂ ಹೀರಿಕೊಂಡಿತು. ಅದೇ ಮುಂದೆ ದೊಡ್ಡ ಉದ್ಯಮವಾಯಿತು. 1980ರ ದಶಕದಲ್ಲಿ ಥಾಮಸ್ ನೆಲ್ಸನ್ ಎಂಬ ಜೀವರಸಾಯನ ವಿಜ್ಞಾನಿ ಬೆಂಟೊನೈಟ್ ಜೇಡಿ ಒದ್ದೆಯಾದಾಗ ಉಂಡೆ ಕಟ್ಟುವುದನ್ನು ಗಮನಿಸಿದ. ಪೂರ್ತಿ ಟ್ರೇ ಚೆಲ್ಲದೆ ಉಂಡೆಯನ್ನಷ್ಟೇ ಎತ್ತಿ ಹಾಕುವ ಅನುಕೂಲ ಬಂದದ್ದು ಹೀಗೆ. ಈ ಬೆಂಟೊನೈಟ್ ನಮ್ಮ ದೇಶದ ಕಛ್ ಮತ್ತು ಬಾಡಮೇರ್ ಕಡೆ ಹೇರಳವಾಗಿ ಸಿಗುತ್ತದೆ.

ಮಣ್ಣು ಚೀಲದಲ್ಲಿ ಬಂದದ್ದರಿಂದ ಲಕ್ಷಾಂತರ ಬೆಕ್ಕುಗಳು ಪೂರ್ತಿ ಒಳಗೇ ಬದುಕುವಂತಾಯಿತು. ಟ್ರೇ ಬಿಟ್ಟು ಬೇರೆಡೆ ಮಾಡುವುದು ಒಂದು 'ಸಮಸ್ಯೆ'ಯಾಗಿ ಕಾಣಿಸಿಕೊಂಡದ್ದೂ ಆಗಲೇ. ಹಿತ್ತಲಿನ ಬೆಕ್ಕಿಗೆ ನೋವು ಬಂದರೆ ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ. ಒಳಗಿನ ಬೆಕ್ಕಿನ ನೋವು ನೆಲದ ಮೇಲೆ ಕಾಣುತ್ತದೆ.

ಹರಳಿನ ಬೆನ್ನು ಹತ್ತಿ

1970ರಲ್ಲಿ ಪಶುವೈದ್ಯರು ಈ ಲಕ್ಷಣಗಳ ಗುಂಪಿಗೆ 'ಬೆಕ್ಕಿನ ಮೂತ್ರಾಂಗ ಸಿಂಡ್ರೋಮ್' ಎಂದು ಹೆಸರಿಟ್ಟರು: ಪದೇ ಪದೇ ಕೂರುವುದು, ತಿಣುಕುವುದು, ರಕ್ತ ಬೆರೆತ ಮೂತ್ರ, ಗಂಡುಬೆಕ್ಕಿನಲ್ಲಿ ಮೂತ್ರನಾಳ ಕಟ್ಟಿಕೊಳ್ಳುವುದು. ಕಾರಣ ಒಂದೇ ಇರಬೇಕೆಂಬ ನಂಬಿಕೆ ಬಲವಾಗಿತ್ತು. ಕೆಲವರು ವೈರಸ್ ಹುಡುಕಿದರು. 1980ರ ದಶಕದಲ್ಲಿ ಬೆರಳು ಒಣ ಆಹಾರದ ಕಡೆ ತಿರುಗಿತು: ಮೆಗ್ನೀಸಿಯಂ ಹೆಚ್ಚಾಗಿ, ಮೂತ್ರ ಕ್ಷಾರೀಯವಾಗಿ, ಸ್ಟ್ರುವೈಟ್ ಹರಳು ಕಟ್ಟುತ್ತದೆ ಎಂಬುದು ಸಾಬೀತಾಯಿತು. ಕಂಪನಿಗಳು ಮೆಗ್ನೀಸಿಯಂ ಇಳಿಸಿ, ಮೂತ್ರ ಆಮ್ಲೀಯವಾಗುವಂತೆ ಆಹಾರ ಬದಲಿಸಿದವು. ಸ್ಟ್ರುವೈಟ್ ಕಲ್ಲು ಕಡಿಮೆಯಾಯಿತು. 1990ರ ದಶಕದಲ್ಲಿ ಅದರ ಜಾಗಕ್ಕೆ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳು ಬಂದವು. ಇವು ಆಹಾರದಿಂದ ಕರಗುವುದಿಲ್ಲ.

ಕಲ್ಲೂ ಇಲ್ಲದ, ಸೋಂಕೂ ಇಲ್ಲದ, ಆದರೂ ನೋವಿನಿಂದ ತಿಣುಕುವ ಬೆಕ್ಕುಗಳು ಇನ್ನೂ ಉಳಿದಿದ್ದವು. ಮೂತ್ರದ ತೊಂದರೆಯಿಂದ ಬರುವ ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. ಎಳೆಯ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಅಪರೂಪ. ಪರೀಕ್ಷೆಯಿಲ್ಲದೆ ಆ್ಯಂಟಿಬಯೋಟಿಕ್ ಚುಚ್ಚಿಸಿ, ನಾಲ್ಕು ದಿನದಲ್ಲಿ ವಾಸಿಯಾಯಿತೆಂದು ಸಮಾಧಾನಪಡುವುದು ನಮ್ಮಲ್ಲಿ ಈಗಲೂ ಉಂಟು. ಇಂಥ ಬೆಕ್ಕುಗಳ ಮೂತ್ರಕೋಶದ ಬಾವು ಬಹುಪಾಲು ತಾನಾಗಿಯೇ ವಾರದೊಳಗೆ ಇಳಿದು, ಮತ್ತೆ ಮರುಕಳಿಸುತ್ತದೆ. ಸೂಜಿಗೆ ಸುಮ್ಮನೆ ಹೆಸರು ಬರುತ್ತದೆ.

ಬೆರಳು ಮನೆಯ ಕಡೆ ತಿರುಗಿದ್ದು

ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ 1990ರ ದಶಕದಲ್ಲಿ ಈ ಬೆಕ್ಕುಗಳ ಮೂತ್ರಕೋಶವನ್ನು ಮಹಿಳೆಯರಲ್ಲಿ ಕಾಣುವ, ಸೋಂಕಿಲ್ಲದೆ ಬರುವ ಮೂತ್ರಕೋಶದ ನೋವಿನೊಂದಿಗೆ ಹೋಲಿಸಿದರು. ಒತ್ತಡಕ್ಕೆ ಈ ಬೆಕ್ಕುಗಳ ನರಮಂಡಲ ಅತಿಯಾಗಿ ಸ್ಪಂದಿಸುತ್ತದೆ, ಏಟು ಮೂತ್ರಕೋಶದ ಮೇಲೆ ಬೀಳುತ್ತದೆ ಎಂಬ ತಿಳಿವಳಿಕೆ ಬಲಗೊಂಡಿತು. 2006ರಲ್ಲಿ ಅವರ ತಂಡ ಮನೆಯ ವಾತಾವರಣವನ್ನೇ ತಿದ್ದಿ ಈ ಕಾಯಿಲೆಯ ಮರುಕಳಿಕೆಯನ್ನು ತಗ್ಗಿಸಿದ್ದನ್ನು ಪ್ರಕಟಿಸಿತು: ಅಡಗಲು ಜಾಗ, ಹತ್ತಲು ಎತ್ತರ, ಆಟ, ನೀರು, ಬೆಕ್ಕುಬೆಕ್ಕುಗಳ ಜಗಳಕ್ಕೆ ತಡೆ. 2011ರ ಇನ್ನೊಂದು ಅಧ್ಯಯನದಲ್ಲಿ, ನೋಡಿಕೊಳ್ಳುವವರೂ ಊಟದ ಹೊತ್ತೂ ಬದಲಾದಾಗ ಆರೋಗ್ಯವಾಗಿದ್ದ ಬೆಕ್ಕುಗಳೂ ವಾಂತಿ ಮಾಡಿಕೊಂಡವು, ಊಟ ಬಿಟ್ಟವು, ಟ್ರೇಯಿಂದಾಚೆ ಮಾಡಿದವು.

ನಮ್ಮ ಮನೆಗಳಿಗೆ ಇದನ್ನು ಅನ್ವಯಿಸುವುದು ಸುಲಭ. ದೀಪಾವಳಿಯ ಪಟಾಕಿ, ಯುಗಾದಿಯ ಸುಣ್ಣಬಣ್ಣ, ಮದುವೆಗೆ ಬಂದು ವಾರ ಉಳಿದ ನೆಂಟರು, ಹೊಸದಾಗಿ ತಂದ ಎರಡನೇ ಬೆಕ್ಕು, ಕಿಟಕಿಯಾಚೆ ಕೂತು ಗುರಾಯಿಸುವ ಬೀದಿಯ ಗಡವ: ಬೆಕ್ಕು ಟ್ರೇ ಬಿಟ್ಟ ವಾರದ ಹಿಂದೆ ಇವುಗಳಲ್ಲಿ ಯಾವುದಿತ್ತು ಎಂದು ನೆನಪಿಸಿಕೊಂಡರೆ ಅರ್ಧ ಉತ್ತರ ಸಿಗುತ್ತದೆ.

ಗುರುತು ಹಾಕುವುದು ಬೇರೆಯದೇ ವಿಷಯ. ನಿಂತುಕೊಂಡು, ಬಾಲವೆತ್ತಿ ನಡುಗಿಸುತ್ತಾ, ಗೋಡೆಗೋ ಬಾಗಿಲಿಗೋ ಸ್ವಲ್ಪವೇ ಚಿಮ್ಮಿಸಿದರೆ ಅದು ಶೌಚವಲ್ಲ, ಗಡಿ ಸಾರುವುದು. ಬೀಜ ತೆಗೆಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡುಬೆಕ್ಕುಗಳು ಇದನ್ನು ಬಿಡುತ್ತವೆ ಅಥವಾ ಬಹಳ ತಗ್ಗಿಸುತ್ತವೆ ಎಂದು 1973ರಲ್ಲೇ ಕ್ಯಾಲಿಫೋರ್ನಿಯಾದ ಬೆಂಜಮಿನ್ ಹಾರ್ಟ್ ತೋರಿಸಿಕೊಟ್ಟಿದ್ದರು. ಬಿಡದ ಬೆಕ್ಕುಗಳಿಗೆ ಒಂದು ಕಾಲಕ್ಕೆ ಡಯಾಜೆಪಾಮ್ ಕೊಡುತ್ತಿದ್ದರು. ಕೆಲವು ಬೆಕ್ಕುಗಳ ಯಕೃತ್ತು ಕೆಟ್ಟು ಸತ್ತ ವರದಿಗಳು 1990ರ ದಶಕದಲ್ಲಿ ಬಂದ ಮೇಲೆ ಅದು ಹಿಂದೆ ಸರಿಯಿತು.

2014ರಲ್ಲಿ ಅಮೆರಿಕದ ಬೆಕ್ಕುವೈದ್ಯರ ಸಂಘ ಮತ್ತು ಅಂತರರಾಷ್ಟ್ರೀಯ ಬೆಕ್ಕು ವೈದ್ಯಕೀಯ ಸಂಘ ಜೊತೆಗೂಡಿ ಮಾರ್ಗಸೂಚಿ ಹೊರಡಿಸಿದವು. ಕಾರಣಗಳನ್ನು ಅವು ನಾಲ್ಕಾಗಿ ವಿಂಗಡಿಸಿದವು: ದೇಹದ ಕಾಯಿಲೆ, ಒತ್ತಡಕ್ಕೆ ಕೆರಳುವ ಮೂತ್ರಕೋಶದ ಬಾವು, ಗುರುತು ಹಾಕುವಿಕೆ, ಮತ್ತು ಟ್ರೇ, ಜಾಗ, ಜೊತೆಗಾರರ ತೊಂದರೆ. ಸೇಡು, ಹೊಟ್ಟೆಕಿಚ್ಚು, ಕೊಬ್ಬು ಆ ಪಟ್ಟಿಯಲ್ಲಿಲ್ಲ.

ಟ್ರೇಯ ಲೆಕ್ಕ

ನಾಲ್ಕನೆಯ ಕಾರಣದ ಬಗ್ಗೆ ಮಾಡಿದ ಸಂಶೋಧನೆ ಬೆಕ್ಕು ಸಾಕುವವರಿಗೆ ನೇರ ಉಪಯೋಗದ್ದು. ಸರಿಯಿರುವ ಟ್ರೇಗೆ ಬಂದ ಬೆಕ್ಕು ಮೊದಲು ಮೂಸುತ್ತದೆ, ಮುಂಗಾಲಿನಿಂದ ಕೆರೆದು ಗುಳಿ ಮಾಡುತ್ತದೆ, ತಿರುಗಿ ಕೂರುತ್ತದೆ, ಮುಗಿಸಿ ಮತ್ತೆ ಮೂಸಿ ಮುಚ್ಚುತ್ತದೆ. ಹಿಡಿಸದ ಟ್ರೇಯಲ್ಲಿ ಅಂಚಿನ ಮೇಲೆ ಕಾಲಿಟ್ಟು ಕೂರುತ್ತದೆ, ಮಣ್ಣು ಮುಟ್ಟದೆ ಪಕ್ಕದ ಗೋಡೆ ಕೆರೆಯುತ್ತದೆ, ಮುಗಿದೊಡನೆ ನೆಗೆದು ಓಡುತ್ತದೆ. ಬೇರೆ ಮೂಲೆ ಹುಡುಕುವ ಮೊದಲು ಬಹಳ ಬೆಕ್ಕುಗಳು ಹೀಗೆ ತಿಳಿಸಿಯೇ ಇರುತ್ತವೆ.

ಬೆಕ್ಕುಗಳಿಗೆ ಮೆತ್ತನೆಯ ಸಣ್ಣ ಹರಳು ಇಷ್ಟ, ಸುಗಂಧ ಬೇಡ. ಟ್ರೇ ದೊಡ್ಡದಿದ್ದಷ್ಟೂ ಒಳ್ಳೆಯದು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರಬೇಕು. ಮುಚ್ಚಳವಿರುವ ಪೆಟ್ಟಿಗೆಯನ್ನು ಬೆಕ್ಕು ಒಲ್ಲದು ಎಂಬ ನಂಬಿಕೆಯನ್ನು 2013ರ ಪ್ರಯೋಗವೊಂದು ಸಡಿಲಿಸಿತು: ದಿನಾ ಚೊಕ್ಕಟ ಮಾಡಿದರೆ ಹೆಚ್ಚಿನ ಬೆಕ್ಕುಗಳಿಗೆ ಎರಡೂ ಒಂದೇ. ಎಷ್ಟು ಬೆಕ್ಕಿವೆಯೋ ಅದಕ್ಕಿಂತ ಒಂದು ಟ್ರೇ ಹೆಚ್ಚಿರಲಿ, ಬೇರೆ ಬೇರೆ ಕಡೆ ಇರಲಿ, ಊಟದ ತಟ್ಟೆಯಿಂದ ದೂರವಿರಲಿ ಎಂಬುದು ವೈದ್ಯರ ಸಾಮಾನ್ಯ ಸಲಹೆ.

ಇದಕ್ಕೆ ಆನ್‌ಲೈನ್ ಅಂಗಡಿಯೇ ಆಗಬೇಕಿಲ್ಲ. ಸಂತೆಯಲ್ಲಿ ಸಿಗುವ ಅಗಲ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿ ತಗ್ಗಾಗಿ ಕೊಯ್ದರೆ ಟ್ರೇ ಸಿದ್ಧ. ಮುದಿ ಬೆಕ್ಕಿಗೆ ಈ ತಗ್ಗು ಬಹಳ ಮುಖ್ಯ, ಕೀಲುನೋವಿರುವ ಬೆಕ್ಕು ಎತ್ತರದ ಅಂಚು ದಾಟಲಾರದೆ ಹೊರಗೇ ಕೂರುತ್ತದೆ. ಜರಡಿ ಹಿಡಿದು ಬಿಸಿಲಲ್ಲಿ ಒಣಗಿಸಿದ ಕೆಂಪುಮಣ್ಣು ನಡೆಯುತ್ತದೆ, ಆದರೆ ಬೇರೆ ಬೆಕ್ಕುಗಳು ಹೊಲಸು ಮಾಡುವ ಜಾಗದ್ದಾಗಬಾರದು. ಹೊಳೆಮರಳು ದುಬಾರಿಯಾಗಿ ಎಲ್ಲೆಡೆ ಕ್ರಷರ್‌ಗಳ ಎಂ-ಸ್ಯಾಂಡ್ ಬಂದಿದೆ. ಅದರ ಕಣಗಳಿಗೆ ಮೊನೆಯಿರುತ್ತದೆ, ದೂಳೂ ಹೆಚ್ಚು, ಬೆಕ್ಕಿನ ಪಾದಕ್ಕೆ ಹೇಳಿದ್ದಲ್ಲ. ಮೆಕ್ಕೆಜೋಳದಿಂದ ಮಾಡಿದ, ಟ್ರೇಗೆ ತುಂಬುವ ಲಿಟರ್ ಹೊರದೇಶಗಳಲ್ಲಿ ಮಾರಾಟಕ್ಕಿದೆ. ಮೆಕ್ಕೆಜೋಳ ಬೆಳೆಯುವ ಗೌರಿಬಿದನೂರಿನಲ್ಲಿ ದಿಂಡನ್ನು ಸಣ್ಣಗೆ ಪುಡಿಮಾಡಿ ನೋಡಬಹುದು. ಯಾವುದಕ್ಕೇ ಬದಲಿಸಿದರೂ ಹಳೆಯದರ ಜೊತೆ ಬೆರೆಸುತ್ತಾ ನಿಧಾನವಾಗಿ ಬದಲಿಸಬೇಕು.

ಒರೆಸುವುದರಲ್ಲೂ ಎಚ್ಚರ ಬೇಕು. ಬೆಕ್ಕು ಮಾಡಿದ ಜಾಗಕ್ಕೆ ನಾವು ಮೊದಲು ಸುರಿಯುವುದು ಫಿನೈಲ್. ಫಿನಾಲ್ ಬಗೆಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಕಿಣ್ವದ ಸಾಮರ್ಥ್ಯ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಿಮೆ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೆ ವಿಷವೇರುತ್ತದೆ. ಇದೇ ಕೊರತೆಯಿಂದಾಗಿ ಪ್ಯಾರಾಸಿಟಮಾಲ್ ಮಾತ್ರೆಯ ಒಂದು ಚೂರೂ ಬೆಕ್ಕನ್ನು ಕೊಲ್ಲಬಹುದು. ಬಟ್ಟೆಯಿಂದ ಹೀರಿಸಿ, ಕಿಣ್ವವಿರುವ ಬಟ್ಟೆ ಸೋಪಿನ ಪುಡಿಯ ನೀರಲ್ಲಿ ತೊಳೆದು, ಒಣಗಿಸುವುದು ಕ್ಷೇಮ. ವಾಸನೆ ಉಳಿದರೆ ಬೆಕ್ಕು ಮರಳಿ ಅಲ್ಲಿಗೇ ಬರುತ್ತದೆ.

ಗರ್ಭಿಣಿಯಿರುವ ಮನೆಯಲ್ಲಿ ಇನ್ನೊಂದು ಭಯವಿದೆ. ಟಾಕ್ಸೋಪ್ಲಾಸ್ಮಾ ಪರೋಪಜೀವಿ ಬೆಕ್ಕಿನ ಮಲದಿಂದ ಹರಡುತ್ತದೆಂದು 1970ರ ಹೊತ್ತಿಗೆ ಖಚಿತವಾಯಿತು. ಆ ಸಂಶೋಧಕರಲ್ಲಿ ಭಾರತೀಯ ಮೂಲದ ಜೆ.ಪಿ. ದುಬೆ ಒಬ್ಬರು. ಮಲದಲ್ಲಿ ಬಂದ ಅದರ ಮೊಟ್ಟೆಯಂಥ ಕೋಶ ಸೋಂಕು ಹರಡುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು. ದಿನಾ ಟ್ರೇ ಎತ್ತಿದರೆ, ಆ ಕೆಲಸ ಗರ್ಭಿಣಿಯ ಬದಲು ಬೇರೆಯವರು ಮಾಡಿದರೆ, ಬೆಕ್ಕನ್ನು ಓಡಿಸಬೇಕಿಲ್ಲ.

ನಮ್ಮ ಜಿಲ್ಲೆಯಲ್ಲಿ

ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆ, ಹಾಲಿನ ಜಿಲ್ಲೆ. ಇಲ್ಲಿನ ಪಶು ಆಸ್ಪತ್ರೆಗಳು ಬೆಳೆದದ್ದು ಹಸುವಿನ ಸುತ್ತ: ಕೃತಕ ಗರ್ಭಧಾರಣೆ, ಕಾಲುಬಾಯಿ ಲಸಿಕೆ, ಕೆಚ್ಚಲುಬಾವು. ಅದರಲ್ಲಿ ತಪ್ಪಿಲ್ಲ, ಸಂಸಾರ ನಡೆಯುವುದು ಹಸುವಿನಿಂದ. ದೇಶದ ಜಾನುವಾರು ಗಣತಿಯಲ್ಲಿ ನಾಯಿಗೆ, ಮೊಲಕ್ಕೆ, ಆನೆಗೂ ಕಲಂ ಇದೆ, ಬೆಕ್ಕಿಗಿಲ್ಲ. ಎಣಿಕೆಗೆ ಸಿಗದ ಪ್ರಾಣಿಗೆ ಔಷಧಿಯ ಬಜೆಟ್ಟೂ ವೈದ್ಯರ ತರಬೇತಿಯೂ ಸುಲಭಕ್ಕೆ ಬರುವುದಿಲ್ಲ. ಬೆಕ್ಕಿಗೆ ಕ್ಯಾಥೆಟರ್, ಸ್ಕ್ಯಾನ್ ಬೇಕಾದರೆ ಹೆದ್ದಾರಿ ಹಿಡಿದು ಸುಮಾರು ಐವತ್ತು ಕಿಲೋಮೀಟರ್ ದೂರದ ಹೆಬ್ಬಾಳಕ್ಕೆ, 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವುದು ರೂಢಿ. ಚಿಂತಾಮಣಿಯಿಂದ ಆ ದಾರಿ ಇನ್ನೂ ಉದ್ದ. ತಾಲ್ಲೂಕಿಗೆ ಒಬ್ಬ ವೈದ್ಯರಿಗಾದರೂ ಗಂಡುಬೆಕ್ಕಿನ ಮೂತ್ರನಾಳ ಬಿಡಿಸುವ ತರಬೇತಿಯನ್ನೂ ಸಲಕರಣೆಯನ್ನೂ ಇಲಾಖೆ ಕೊಟ್ಟರೆ ಈ ಓಡಾಟದಲ್ಲೇ ಸಾಯುವ ಬೆಕ್ಕುಗಳು ಉಳಿದಾವು.

ಸಾಕುವವರು ಮಾಡಬೇಕಾದ್ದು ಇಷ್ಟು. ಬೆಕ್ಕು ಟ್ರೇ ಬಿಟ್ಟರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಆಮೇಲೆ ಟ್ರೇ ನೋಡಿ, ಆಮೇಲೆ ಮನೆಯಲ್ಲಿ ಬದಲಾದದ್ದೇನೆಂದು ನೋಡಿ. ಹೊಡೆಯಬೇಡಿ, ಹೆದರಿದ ಬೆಕ್ಕಿನ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ. ಗಂಡುಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ, ತಿಣುಕಿ, ಒಂದು ಹನಿಯೂ ಬಾರದೆ ಮರಳುತ್ತಿದ್ದರೆ ಮಲಬದ್ಧತೆ ಎಂದು ಹರಳೆಣ್ಣೆ ಕುಡಿಸುತ್ತಾ ಕೂರಬೇಡಿ. ನಾಳ ಕಟ್ಟಿದ ಬೆಕ್ಕಿನ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಲು ಒಂದೆರಡು ದಿನ ಸಾಕು. ಬೆಳಗಾಗಲೆಂದು ಕಾಯದೆ ಆಗಲೇ ವೈದ್ಯರ ಬಳಿಗೆ ಹೊರಡಿ.